ದೊಡ್ಡ ಮಿಸ್ಸಿನ ಸವೆದ ಉಗುರು

ದೊಡ್ಡ ಮಿಸ್ಸಿನ ಬಲಗೈ ತೋರುಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಕಚ್ಚಿಕೊಂಡದ್ದಲ್ಲ, ಸವೆದದ್ದು. ಮೊಮ್ಮಗಳ ಶಾಲೆ ನಡೆಸುತ್ತಿದ್ದ ಅವರ ಮೇಜಿನ ಮೇಲೆ ಹಿತ್ತಾಳೆ ತಟ್ಟೆಯೊಂದರಲ್ಲಿ ಸೋಸಿದ ಮರಳು ಸದಾ ಇರುತ್ತಿತ್ತು. ಅದರಲ್ಲಿ ಬೆರಳಿನಿಂದ ಅಕ್ಷರ ಬರೆದು ಬರೆದು, ಮಕ್ಕಳ ಬೆರಳು ಹಿಡಿದು ತಿದ್ದಿಸಿ ತಿದ್ದಿಸಿ, ಮೂವತ್ತು ವರ್ಷದಲ್ಲಿ ಉಗುರು ಹಾಗಾಗಿತ್ತು. ಮೊದಲ ದಿನವೇ ನಾನು, ಮೇಡಂ ಮನೆಯಲ್ಲಿ ಇಲಿ ಕಾಟ ಜಾಸ್ತಿಯೇನು ಎಂದು ಕೇಳಿದ್ದೆ. ಅವರು ನಗದೆ, "ಇಲಿ ಅಲ್ರೀ ಯಜಮಾನ್ರೇ, ಅಆಇಈ ತಿಂದಿರೋದು" ಎಂದರು. ನನ್ನ ಮಾತಿಗೆ ತಿರುಗಿ ಹೊಡೆದವರು ಆ ಸೀಮೆಯಲ್ಲಿ ಅವರೊಬ್ಬರೇ.

ಜಂಬ ಅನ್ನಿ, ಪರವಾಗಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲಾರಿ ಓಡಿಸಿದ ನನ್ನ ಕೀಟಲೆಗೆ ಸಿಗದವರು ಕಡಿಮೆ. ಸಿದ್ದಾಪುರದ ಹತ್ತಿರ ಅಶೋಕನ ಶಾಸನ ನೋಡಲು ಬಂದಿದ್ದ ಇಬ್ಬರು ಪ್ರವಾಸಿಗರಿಗೆ ನಾನೇ ಗೈಡು ಎಂದು ಹೇಳಿ, ಬಂಡೆಯತ್ತ ಕೈ ತೋರಿಸುತ್ತ ಇಡೀ ಶಾಸನ ಗಡಗಡ ಓದಿಬಿಟ್ಟಿದ್ದೆ. ಈ ಸೀಮೆಯವರೆಲ್ಲ ಕಡಲೆಕಾಯಿ ಬೆಳೆಯಿರಿ ಎಂದು ಅಶೋಕ ಬರೆಸಿದ್ದಾನೆ ಎಂದಾಗ ಅವರು ಪಾಪ, ಬರೆದುಕೊಂಡರು.

ನನ್ನ ಮೊಮ್ಮಗಳು ಥೇಟ್ ನನ್ನ ಹಾಗೆ. ಮೂರನೇ ಕ್ಲಾಸಿನಲ್ಲಿ ಹಳೇ ಶಾಲೆಯ ಮಿಸ್ಸಿನ ಬ್ಯಾಗಿಗೆ ರಬ್ಬರ್ ಹಲ್ಲಿ ಹಾಕಿದವಳು. ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ಹೇಳುತ್ತಿದ್ದಳು, ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದಳು. ಆದರೆ ಪುಸ್ತಕ ತೆರೆದರೆ ಅಂಗೈ ಬೆವರುತ್ತಿತ್ತು. ಅಕ್ಷರ ಅಲ್ಲಾಡ್ತಾವೆ ಎನ್ನುತ್ತಿದ್ದಳು. ಚಿತ್ರದುರ್ಗದ ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ, ಹುಡುಗಿ ಬಲು ಚುರುಕು, ಕಲಿಸುವ ದಾರಿ ಮಾತ್ರ ಬೇರೆ ಬೇಕು ಎಂದರು. ಟೈ ಕಟ್ಟಿಸಿ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಅವಳ ಶಾಲೆಯವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮತ್ತೆ ಎರಡನೇ ಕ್ಲಾಸಿನಲ್ಲಿ ಕೂರಿಸುತ್ತೇವೆ ಎಂದರು. ಅವತ್ತಿನಿಂದ ಹುಡುಗಿ ಕೀಟಲೆ ಬಿಟ್ಟಳು, ಮಾತೂ ಬಿಟ್ಟಳು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕೇಳಿದಳು:

"ತಾತ, ನನ್ ತಲೆ ಕೆಟ್ಟೈತಾ?"

ಆವತ್ತೇ ನಾನೂ ನನ್ನ ಸೊಸೆಯೂ ಬೇರೆ ಖಾಸಗಿ ಶಾಲೆ ಹುಡುಕಲು ಹೊರಟೆವು. ಒಂದು ಕಡೆ ಕಂಪ್ಯೂಟರ್ ರೂಮು ತೋರಿಸಿದರು, ಹುಡುಗಿಯ ಮುಖ ನೋಡಲಿಲ್ಲ. ಇನ್ನೊಂದು ಕಡೆ ಪುಸ್ತಕ ಓದಿಸಿ ನೋಡಿ, ಇವಳಿಂದ ನಮ್ಮ ರಿಸಲ್ಟು ಬೀಳುತ್ತದೆ ಎಂದು ಅವಳೆದುರೇ ಹೇಳಿದರು. ಕೊನೆಗೆ ಮೊಳಕಾಲ್ಮುರಿನಲ್ಲಿದ್ದ ನನ್ನ ತಂಗಿ ತನ್ನ ಮನೆ ಹಿಂದಿನ ಬೀದಿಯ ಪುಟ್ಟ ಶಾಲೆಯ ಸುದ್ದಿ ಹೇಳಿದಳು. ನಾಲ್ಕು ಕೋಣೆ, ಶೀಟಿನ ಚಾವಣಿ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ಇಲ್ಲಿಯಾದರೂ ಪಾಸಾಗಲಿ ಎಂದು ಒಂದು ಉಪಾಯ ಮಾಡಿದೆ. ಮೂರನೇ ಕ್ಲಾಸಿನ ಮೊದಲ ಪಾಠವನ್ನು ಸೊಸೆಯಿಂದ ಓದಿಸಿ, ಹುಡುಗಿಗೆ ಬಾಯಿಪಾಠ ಮಾಡಿಸಿಕೊಂಡು ಹೋದೆ.

ದೊಡ್ಡ ಮಿಸ್ಸು ತಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾವು ಗಿಡ್ಡ ಸ್ಟೂಲಿನ ಮೇಲೆ ಕೂತರು. ಬಂದ ಮಕ್ಕಳಿಗೆಲ್ಲ ಅದೇ ಮರ್ಯಾದೆಯಂತೆ. ಹುಡುಗಿ ಮೊದಲ ಪಾಠ ತೆರೆದು ಗಿಣಿಯ ಹಾಗೆ ಶುರು ಮಾಡಿದಳು. ಮಿಸ್ಸು ಮೆಲ್ಲಗೆ ಪುಸ್ತಕ ಎಳೆದುಕೊಂಡು ಮುಚ್ಚಿಟ್ಟರು. ಇವಳು ಬರೀ ಮೇಜು ನೋಡುತ್ತ ಇನ್ನೂ ಎರಡು ಸಾಲು ಓದಿಯೇ ಓದಿದಳು. ನಾನು ಫ್ಯಾನು ನೋಡತೊಡಗಿದೆ.

"ಎಷ್ಟು ಸಲ ಕೇಳಿಸ್ಕಂಡಿದ್ದೆವ್ವಾ?"

"ಎರಡು ಸಲ ಮಿಸ್."

"ನನಗಾದ್ರೆ ಹತ್ತು ಸಲ ಬೇಕಿತ್ತು ಕಣವ್ವ."

ಅಷ್ಟೇ. ಬೈಗುಳವಿಲ್ಲ. ಸಿಕ್ಕಿಬಿದ್ದ ಮುಜುಗರಕ್ಕೆ ನಾನು ನನ್ನ ಪುರಾಣ ತೆಗೆದೆ. ಮೇಷ್ಟ್ರ ಊಟದ ಡಬ್ಬಿಗೆ ಕಪ್ಪೆ ಬಿಟ್ಟದ್ದು, ಗಂಟೆಯ ನಾಲಿಗೆ ಕದ್ದದ್ದು, ದಿನಾ ಕ್ಲಾಸಿನ ಹೊರಗೆ ನಿಂತದ್ದು. ಮಿಸ್ಸು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಹೊರಗೆ ನಿಲ್ಲಿಸ್ತಿದ್ದದ್ದು ಯಾವ ಪಿರಿಯಡ್ನಾಗೆ?"

ಕನ್ನಡದ ಪಿರಿಯಡ್ಡು. ಗಟ್ಟಿಯಾಗಿ ಓದುವ ಸರದಿ ನನ್ನ ಬೆಂಚಿಗೆ ಬರುವ ಸ್ವಲ್ಪ ಮುಂಚೆ. ನನ್ನ ಕಪ್ಪೆಗಳಿಗೆ ಅಷ್ಟು ಸರಿಯಾದ ಟೈಮು ಇತ್ತು. ಅರವತ್ತು ವರ್ಷ ಅದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಊರಿನ ಬೋರ್ಡುಗಳನ್ನು ಬಣ್ಣ ನೋಡಿ ಗುರುತಿಟ್ಟುಕೊಂಡು, ಬಿಲ್ಲುಗಳನ್ನು ಕ್ಲೀನರ್ ಕೈಲಿ ಓದಿಸಿ ಜೀವನ ಕಳೆದವನು ನಾನು. ನನಗೂ ಅಕ್ಷರ ಅಲ್ಲಾಡುತ್ತವೆ ಎಂಬುದು ನನ್ನ ಹೆಂಡತಿಗೂ ಗೊತ್ತಾಗದೆ ಹೋಗಿತ್ತು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ. ಮಿಸ್ಸು ಮತ್ತೆ ಕೇಳಲಿಲ್ಲ.

"ಇವತ್ತೇ ಸೇರಿಸ್ಬೇಡ್ರಿ. ಶನಿವಾರ ಮಕ್ಕಳನ್ನ ಸಿದ್ದಾಪುರಕ್ಕೆ ಕರ್ಕಂಡು ಹೋಗ್ತೀವಿ, ನೀವೂ ಬರ್ರಿ. ನೋಡಿ ಆಮೇಲೆ ಹೇಳ್ರಿ."

ಅದೇ ಬಂಡೆ. ಕಾವಲಿನವನು ಅದರ ಸುತ್ತಲಿನ ಗೇಟಿನ ಬೀಗ ತೆಗೆದ. ಮಿಸ್ಸು ಓದಿನಲ್ಲಿ ಮುಂದಿದ್ದ ಮಕ್ಕಳನ್ನು ಮುಂದೆ ನಿಲ್ಲಿಸಿ ಓದಿ ಎಂದರು. ಯಾವಾಗಲೂ ಮೊದಲು ಬರುವ ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು, ಕೆಂಪಾದಳು, ಬರೀ ಗೀಟು ಮಿಸ್ ಎಂದಳು. ನಮ್ಮನ್ನೂ ಕೇಳಿದರು. ಡಿಗ್ರಿ ಓದಿದ ನನ್ನ ಸೊಸೆಯೂ ತಲೆ ತಗ್ಗಿಸಿದಳು.

"ಬೇಜಾರಾಯ್ತಾ? ಕೆಲವರಿಗೆ ಪುಸ್ತಕ ತೆಗೆದ್ರೆ ದಿನಾ ಹಿಂಗೇ ಆಗ್ತೈತೆ. ಅವರು ದಡ್ಡರಲ್ಲ. ನೀವೂ ಅಲ್ಲ."

ಆಗ ಹಿಂದಿನಿಂದ ನನ್ನ ಮೊಮ್ಮಗಳ ದನಿ ಬಂತು. ಎಷ್ಟೋ ದಿನದ ಮೇಲೆ ಮಂದಿಯ ನಡುವೆ ಬಾಯಿ ಬಿಟ್ಟಿದ್ದಳು. ಕೂಡಿಸುವ ಲೆಕ್ಕದ ಗುರುತು ಇಲ್ಲೊಂದು ಐತೆ, ಅಲ್ಲೊಂದು ಐತೆ, ಅಗೋ ಮೂಲೆಯಲ್ಲೂ ಐತೆ ಎಂದು ಬೆರಳು ತೋರಿಸುತ್ತ ಹೋದಳು. ಅಷ್ಟು ಮಂದಿಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಮಿಸ್ಸು ಅವಳ ಪಕ್ಕ ಮಂಡಿಯೂರಿ, ನೆಲದ ಮಣ್ಣಿನಲ್ಲಿ ಅವಳ ಬೆರಳು ಹಿಡಿದು ಆ ಗುರುತನ್ನು ಬರೆಸಿದರು.

"ಅದೇ ಅಶೋಕನ ಕಾಲದ 'ಕ' ಕಣವ್ವ. ಇವತ್ತು ಇಲ್ಲಿ ಓದಿದವಳು ನೀನೊಬ್ಳೇ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಡುಗಿ ನನ್ನ ಟವೆಲ್ಲನ್ನು ಸೀಟಿಗೆ ಗಂಟು ಹಾಕಿದ್ದಳು. ಇಳಿಯಲು ಎದ್ದ ನನ್ನನ್ನು ಅದು ಜಗ್ಗಿ ಕೂರಿಸಿತು. ಶಾಲೆ ಯಾವುದು ಎಂದು ಮನೆಯಲ್ಲಿ ಮತ್ತೆ ಚರ್ಚೆ ನಡೆಯಲಿಲ್ಲ.

ನಾನೂ ಅವಳೂ ತಂಗಿಯ ಮನೆಯಲ್ಲಿ ಬಿಡಾರ ಹೂಡಿದೆವು. ಪರೀಕ್ಷೆಯ ಪ್ರಶ್ನೆಗಳನ್ನು ಮಿಸ್ಸು ಅವಳಿಗೆ ಓದಿ ಹೇಳಿ, ಬಾಯಲ್ಲೇ ಉತ್ತರ ಕೇಳುತ್ತಿದ್ದರು. ವಾರಕ್ಕೆ ಮೂರೇ ಅಕ್ಷರ, ಮರಳಿನಲ್ಲಿ. "ಅಕ್ಷರಕ್ಕೇನೂ ಅವಸರ ಇಲ್ಲ, ಅವಸರ ಇರೋದು ನಮಗೇ" ಎನ್ನುತ್ತಿದ್ದರು. ಒಂದು ಸಂಜೆ ಮೊಮ್ಮಗಳನ್ನು ಕರೆಯಲು ಹೋದವನ ಮುಂದೆ ಮರಳಿನ ತಟ್ಟೆ ಸರಿಸಿ, ತಮ್ಮ ಕುರ್ಚಿ ಬಿಟ್ಟು ಸ್ಟೂಲಿಗೆ ಹೋದರು. ನಾನು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೂತೆ. ಎರಡು ವರ್ಷ ಕೂತೆ.

ಮೊಮ್ಮಗಳು ಈಗ ಹತ್ತನೇ ಕ್ಲಾಸು. ನಿಧಾನಕ್ಕೆ ಓದುತ್ತಾಳೆ, ಓದಿದ್ದನ್ನು ಮರೆಯುವುದಿಲ್ಲ. ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚು ಸಮಯ ಸಿಗಲೆಂದು ಮಿಸ್ಸು ಕಾಯಿಲೆ ಬಿದ್ದ ಮೇಲೂ ಅರ್ಜಿ ಬರೆದುಕೊಟ್ಟರು. ಅದು ಮಂಜೂರಾದ ಸುದ್ದಿ ಕೇಳಿದ ವಾರದಲ್ಲೇ ತೀರಿಕೊಂಡರು.

ಶಾಲೆಯ ಅಂಗಳದಲ್ಲಿ ಅವರ ಫೋಟೋ ಇಟ್ಟು ಎಲ್ಲರೂ ಎರಡು ಮಾತು ಆಡಿದರು. ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ನನಗಿಂತ ಮುಂಚೆ ಮಾತಾಡುವವರು ಎದ್ದಾಗ ಅಂಗೈ ಬೆವರಿತು. ಕಪ್ಪೆ ಬಿಡುವ ಹೊತ್ತು ಅದು. ಬಿಡಲಿಲ್ಲ. ಎದ್ದು ನಿಂತೆ. ಪಕ್ಕದಿಂದ ಮೊಮ್ಮಗಳು ಪಿಸುಗುಟ್ಟಿದಳು, "ತಾತ, ಪೇಪರ್ ಉಲ್ಟಾ ಹಿಡ್ಕಂಡಿದೀಯ." ಗಾಬರಿಯಲ್ಲಿ ತಿರುಗಿಸಿದೆ. ಆಗಲೇ ಅದು ಉಲ್ಟಾ ಆದದ್ದು. ಅಂಗಳವೆಲ್ಲ ನಕ್ಕಿತು, ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ಹಾಳೆ ಸರಿ ಮಾಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಹಿಡಿದು ಓದಿದೆ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.