ಲುಯಿಜಾಳ ದನಿ

ಹಳಿಯಾಳದ ಸಂತೆಗೆ ಹೋಗುವ ಕಾಡಂಚಿನ ದಾರಿಯಲ್ಲಿ ಏರಿಲ್ಲ, ಇಳಿವಿಲ್ಲ; ಇದ್ದದ್ದು ಕರಡಿಯ ಕಾಟವೊಂದೇ. ಮನುಷ್ಯರ ದನಿ ಕೇಳಿದರೆ ಕರಡಿ ದೂರ ಸರಿಯುತ್ತದೆಂದು ಸಿದ್ದಿ ಹೆಂಗಸು ಲುಯಿಜಾ ದಾರಿಯುದ್ದಕ್ಕೂ ಬಾಯಿ ಮುಚ್ಚುತ್ತಿರಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಸಿಗದಾದ ಸೀಮೆಎಣ್ಣೆ, ಪಾದ್ರಿಯ ಹಲ್ಲುನೋವು, ನಾದಿನಿ ಕೆಡಿಸಿದ ಸಾರು, ಎಲ್ಲವನ್ನೂ ಕಾಡಿನ ಕಡೆ ಮುಖ ಮಾಡಿ ಕೂಗಿ ಹೇಳುವಳು. ಜೊತೆಗೆ ಬಂದವರು ನಡುವೆ ಏನಾದರೂ ಅಂದರೆ, "ನಿಮಗ ಹೇಳಿದ್ದಲ್ರೀ," ಎನ್ನುವಳು. ಊರಿನ ಗುಟ್ಟು ಬೇಕಾದರೆ ಕರಡಿಯನ್ನೇ ಕೇಳಬೇಕೆಂದು ಜನ ಆಡಿಕೊಳ್ಳುತ್ತಿದ್ದರು. ಗಂಡ ಜುಜೆಯಂತೂ, "ಕರಡಿಗೂ ಒಂದೀಟು ನಿದ್ದಿ ಬ್ಯಾಡೇನ?" ಎಂದು ಗೊಣಗುವನು. ಒಂದು ಸಂತೆಯ ಸಂಜೆ ನೆಗಡಿಯಿಂದ ಅವಳ ಗಂಟಲು ಕಟ್ಟಿತ್ತು; ಒಬ್ಬಳೇ ಸದ್ದಿಲ್ಲದೆ ಮರಳುತ್ತಿದ್ದಾಗ ಬಿದಿರುಮೆಳೆ ಸೀಳಿಕೊಂಡು ಏನೋ ನುಗ್ಗಿತು. ನೋಡಿದರೆ ಕೊಡಲಿ ಹಿಡಿದ ಜುಜೆ. ಹತ್ತಿರದ ಕೂಪಿನಲ್ಲಿ, ಅಂದರೆ ಕಡಿಯಲು ಗುರುತು ಮಾಡಿದ ಕಾಡಿನ ತುಂಡಿನಲ್ಲಿ, ಮರ ಕಡಿಯುತ್ತಿದ್ದ ಅವನು ಪ್ರತಿ ಸಂತೆಯ ದಿನ ಅವಳ ದನಿ ದಾಟಿಹೋದ ಮೇಲೆಯೇ ಮನೆಗೆ ಹೊರಡುತ್ತಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ. "ಯಾಕ ಸುಮ್ಮ ಬಂದಿ?" ಎಂದ. ಅವಳು ಗಂಟಲು ಮುಟ್ಟಿ ತೋರಿಸಿದಳು. ಜುಜೆ ಅವಳ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡು ಮುಂದೆ ನಡೆದ. ಕೂಗಿ ಹೇಳಲು ಅವನಿಗೆ ಯಾವ ಸುದ್ದಿಯೂ ತಿಳಿದಿರಲಿಲ್ಲ. ಊರು ಬರುವವರೆಗೂ ಅವಳ ಹೆಸರನ್ನೇ ಕೂಗುತ್ತ ಹೋದ.