ಚೀಟಿ ಕೂಗುವ ಚೆನ್ನಬಸಮ್ಮ

ಶಿವಮೊಗ್ಗದ ಡಾಕ್ಟರೊಬ್ಬರ ಬಾಗಿಲಲ್ಲಿ ಕುಳಿತು ಚೀಟಿ ಬರೆದು ರೋಗಿಗಳನ್ನು ಕೂಗುವ ಚೆನ್ನಬಸಮ್ಮನವರನ್ನು ದಾಟಿ ಯಾರೂ ಅರ್ಧ ಹೆಸರಿನಲ್ಲಿ ಒಳಗೆ ಹೋಗುವಂತಿಲ್ಲ. ಹೊಳೆಹೊನ್ನೂರಿನಿಂದ ಬಂದ ಕೂಲಿಯವರು ಮುದುರಿ ನಿಂತು ‘ಕರಿಯ ಅಂತ ಬರ್ಕಳಿ’ ಎಂದರೆ ಪೆನ್ನು ಕೆಳಗಿಡುತ್ತಾರೆ: ‘ಇದು ನಿಮ್ಮ ಯಜಮಾನ್ರ ಅಂಗಳ ಅಲ್ಲ ಮಾರಾಯ್ರೇ, ಅಪ್ಪ ಅಮ್ಮ ಇಟ್ಟ ಹೆಸ್ರು ಹೇಳಿ.’ ಆಮೇಲೆ ‘ಕರಿಯಣ್ಣನವರು ಬರಬೇಕು!’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಕಾರಿನಿಂದ ಇಳಿದವರು ‘ಏಯ್, ಮೊದ್ಲು ನನ್ನ ಬಿಡು’ ಎಂದು ಗದರಿದರೆ, ‘ಕೂತ್ಕೊಳ್ಳಿ ಸಾರ್, ಒಳಗೆ ಕರಿಯಣ್ಣನವರಿದ್ದಾರೆ’ ಎಂಬುದೇ ಉತ್ತರ. ಹಲ್ಲಿಲ್ಲದ ಮುದುಕಿಯ ಪಿಸುಮಾತಿನಲ್ಲೂ ಪೂರ್ತಿ ಹೆಸರನ್ನು ಹಿಡಿಯುವ ಕಿವಿ ಅದು. ಅವರನ್ನು ಹೆಸರು ಹಿಡಿಯದೆ ಕರೆಯಲು ಡಾಕ್ಟರ ಮೇಜಿನ ಮೇಲೆ ಒಂದು ಬೆಲ್ ಇದೆ. ಹದಿನೆಂಟು ವರ್ಷಗಳಿಂದ ಅದೊಂದು ಮಾತ್ರ ಅವರಿಗೆ ಕೇಳಿಸಿಲ್ಲ.