ನಾನೊಬ್ಬಳೇ ಉಳಿದ ತರಗತಿ

ಎರಡನೇ ವರ್ಷದ ಪಾಠಗಳು ಆಗಷ್ಟೇ ಶುರುವಾಗಿದ್ದವು. ಪ್ರಾಂಶುಪಾಲರು ನಮ್ಮಿಬ್ಬರನ್ನು ತಮ್ಮ ಕೊಠಡಿಗೆ ಕರೆಸಿ, ಜಾಗತಿಕ ಅಧ್ಯಯನದ ಪದವಿಯನ್ನು ಕಾಲೇಜು ಇನ್ನು ನಡೆಸುವುದಿಲ್ಲ, ಬೇರೆ ವಿಷಯಕ್ಕೆ ಹೋಗುತ್ತೇವೆಂದು ಅರ್ಜಿ ಬರೆದುಕೊಡಿ ಎಂದರು. ಇಬ್ಬರೆಂದರೆ ನಾನು ಮತ್ತು ಚಿಕ್ಕಜಾಜೂರಿನಿಂದ ದಿನಾ ರೈಲಿನಲ್ಲಿ ಚಿತ್ರದುರ್ಗಕ್ಕೆ ಬರುತ್ತಿದ್ದ ನನ್ನ ಗೆಳತಿ. ಮೊದಲ ವರ್ಷ ಎರಡು ಬೆಂಚು ತುಂಬುವಷ್ಟು ಜನ ಇದ್ದೆವು. ಒಬ್ಬಳಿಗೆ ಮದುವೆಯಾಯಿತು, ಒಬ್ಬ ನರ್ಸಿಂಗಿಗೆ ಹೋದ, ಉಳಿದವರು ಇತಿಹಾಸಕ್ಕೋ ವಾಣಿಜ್ಯಕ್ಕೋ ಜಾರಿಕೊಂಡರು.

"ಇಬ್ಬರಿಗೋಸ್ಕರ ಒಂದು ಕೋರ್ಸ್ ನಡೆಸೋಕಾಗಲ್ಲಮ್ಮ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಎಂದರು ಪ್ರಾಂಶುಪಾಲರು.

"ನಾನು ಬರ್ಕೊಡಲ್ಲ ಸಾರ್," ಎಂದೆ.

"ಯೋಚನೆ ಮಾಡಿ ಹೇಳು."

"ಮಾಡೀನಿ ಸಾರ್."

ಮಾಡಿರಲಿಲ್ಲ. ಯೋಚನೆ ಮಾಡುವಂಥದ್ದೇನೂ ನನಗೆ ಅಲ್ಲಿ ಕಂಡಿರಲಿಲ್ಲ.

ನಮ್ಮೂರು ಐಮಂಗಲದ ಹೆದ್ದಾರಿಯಿಂದ ಒಳಗೆ. ಮನೆಯಲ್ಲಿ ಕುರಿ, ಜೊತೆಗೆ ಸ್ವಲ್ಪ ಖುಷ್ಕಿ ಜಮೀನು. ಹಿರಿಯೂರಿನಲ್ಲಿ ಪಿಯುಸಿ ಮುಗಿಸಿದಾಗ ನಾನು ಟೀಚರ್ ಆಗಬೇಕೆಂದು ಅಪ್ಪ, ಬ್ಯಾಂಕಿಗೆ ಸೇರಬೇಕೆಂದು ಅಮ್ಮ ತೀರ್ಮಾನ ಮಾಡಿಕೊಂಡಿದ್ದರು. ಇಬ್ಬರ ತೀರ್ಮಾನವನ್ನೂ ದಾಟಿ ನಾನು ಈ ಹೊಸ ಪದವಿಗೆ ಸೇರಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಓದಿಸುತ್ತಾರೆ ಎಂದು ಹೇಳಿದರೆ ಊರಲ್ಲಿ ಯಾರಿಗೂ ತೃಪ್ತಿಯಾಗುತ್ತಿರಲಿಲ್ಲ. "ಓದಿ ಏನಾಗ್ತೀಯ?" ಎಂಬ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಪದದ ಉತ್ತರ ಇರಲಿಲ್ಲ. ಚಿಕ್ಕಪ್ಪನಂತೂ ಬಂದ ನೆಂಟರಿಗೆಲ್ಲ, "ನಮ್ ಹುಡುಗಿ ಪ್ರಪಂಚ ಓದ್ತಾಳಪ್ಪ, ನಾಳೆ ಗ್ಲೋಬ್ ಮಾರೋ ಅಂಗಡಿ ಇಡ್ತಾಳೆ," ಎಂದು ನಗಿಸುತ್ತಿದ್ದ.

ನನ್ನನ್ನು ಹಿಡಿದಿಟ್ಟಿದ್ದು ನಮ್ಮ ಮೇಡಂ. ಅವರು ಅತಿಥಿ ಉಪನ್ಯಾಸಕಿ, ಹೊಸದುರ್ಗದವರು. ಮೊದಲ ವಾರವೇ ಅವರು ಪುಸ್ತಕ ತೆರೆಯದೆ, ಮನೆಯಲ್ಲಿ ಒಗ್ಗರಣೆಗೆ ಯಾವ ಎಣ್ಣೆ ಹಾಕುತ್ತೀರಿ ಎಂದು ಕೇಳಿದರು. ಸೂರ್ಯಕಾಂತಿ ಎಂದೆವು. ಸೂರ್ಯಕಾಂತಿ ನಮ್ಮ ಹೊಲಗಳಲ್ಲೇ ಬೆಳೆಯುತ್ತದೆ. ಹಾಗಿದ್ದೂ ಎಲ್ಲೋ ದೂರದ ದೇಶದಲ್ಲಿ ಯುದ್ಧ ಶುರುವಾದರೆ ಹಿರಿಯೂರಿನ ಅಂಗಡಿಯಲ್ಲಿ ಎಣ್ಣೆ ಯಾಕೆ ತುಟ್ಟಿಯಾಗುತ್ತದೆ, ಆ ತುಟ್ಟಿಯಲ್ಲಿ ಹೊಲದವನಿಗೆ ಎಷ್ಟು ಸೇರುತ್ತದೆ, ಹಡಗು ಎಲ್ಲಿ ನಿಂತಿತು, ಸುಂಕ ಇಳಿಸಿದವರು ಯಾರು ಎಂದು ಒಂದೊಂದೇ ಎಳೆ ಬಿಡಿಸುತ್ತಾ ಹೋದರು. ಅವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಯಾಚೆಯ ಹೊಲಗಳು ನನಗೆ ಬೇರೆ ಥರ ಕಂಡವು. ಇದನ್ನು ಬಿಟ್ಟು ಇನ್ನೊಂದು ಓದಲು ಹೇಳಿದರೆ ಹೇಗೆ ಒಪ್ಪುವುದು?

ಗೆಳತಿ ಒಪ್ಪಿದಳು. ಅವಳ ಅಪ್ಪ ರೈಲ್ವೆಯಲ್ಲಿದ್ದರು. ವಿಷಯ ತಿಳಿದ ದಿನವೇ ಬಿ.ಕಾಂಗೆ ಬದಲಾಯಿಸು, ಇಲ್ಲವಾದರೆ ಕಾಲೇಜೇ ಬೇಡ ಎಂದರಂತೆ. ಅರ್ಜಿ ಕೊಟ್ಟು ಹೊರಗೆ ಬಂದವಳು ನನ್ನ ಮುಖ ನೋಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಹೀಗೆ ನಾನೊಬ್ಬಳೇ ಉಳಿದೆ. ಮನೆಯವರನ್ನು ಕರೆದುಕೊಂಡು ಬಾ ಎಂದು ಪ್ರಾಂಶುಪಾಲರು ಹೇಳಿಕಳಿಸಿದರು. ಅಪ್ಪ ಕುರಿ ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೋಗಿದ್ದ. ಅಮ್ಮ ಹೊರಟಳು. ಐಮಂಗಲದಲ್ಲಿ ಬಸ್ ಹತ್ತಿದಾಗಿನಿಂದ ಚಿತ್ರದುರ್ಗದಲ್ಲಿ ಇಳಿಯುವ ತನಕ ನನ್ನನ್ನು ಬೈದಳು.

"ಎಲ್ಲ ಹುಡ್ಗೀರು ಬಿಟ್ಟು ಹೋಗ್ಯವ್ರೆ, ನಿಂದೊಬ್ಬಳ್ದೇನು? ಅವ್ರು ದೊಡ್ಡೋರು, ತಿಳೀದೆ ಹೇಳ್ತಾರೇನು? ಹೋಗಿ ಸುಮ್ನೆ ಬರ್ಕೊಡು."

"ಬರ್ಕೊಡಲ್ಲಮ್ಮ."

"ನಿಮ್ಮಪ್ಪನ್ ಹಟ ನಿನಗೆ."

ಪ್ರಾಂಶುಪಾಲರು ಅಮ್ಮನನ್ನು ಮರ್ಯಾದೆಯಿಂದಲೇ ಕೂರಿಸಿದರು. ಕೋರ್ಸ್ ಹೊಸದು, ಇದಕ್ಕೆ ಕೆಲಸ ಸಿಗುವ ಭರವಸೆ ಇಲ್ಲ, ಒಬ್ಬಳಿಗೆ ಪಾಠ ಮಾಡಲು ಉಪನ್ಯಾಸಕರಿಗೆ ಗಂಟೆಗಳನ್ನು ಕೊಡುವುದು ಕಷ್ಟ ಎಂದೆಲ್ಲ ವಿವರಿಸಿದರು. ಅಮ್ಮ ತಲೆಯಾಡಿಸುತ್ತಿದ್ದಳು. ನನ್ನ ಕಥೆ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು.

"ಹೆಂಗೂ ಇನ್ನೆರಡು ವರ್ಷಕ್ಕೆ ಮದುವೆ ಮಾಡ್ತೀರಿ. ಯಾವ ಡಿಗ್ರಿ ಆದ್ರೇನಮ್ಮ?"

ಅಮ್ಮನ ತಲೆಯಾಡುವುದು ನಿಂತಿತು.

"ಮದ್ವೆ ಮಾತು ನಾವು ನೋಡ್ಕಂತೀವಿ ಸಾರ್," ಎಂದಳು. "ನೀವು ಪಾಠದ ಮಾತು ಹೇಳ್ರಿ."

"ಅದೇ ಹೇಳ್ತಾ ಇದೀನಲ್ಲಮ್ಮ..."

"ಸೇರಿಸ್ಕಣಾವಾಗ ಒಬ್ಬರೇ ಉಳಿದ್ರೆ ಕಳಿಸ್ತೀವಿ ಅಂತ ಹೇಳಿದ್ರೇನ್ರಿ?"

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಆಕಿ ಮುಗಿಸ್ತಾಳೆ. ಹೇಳ್ಕೊಡೋದು ನಿಮಗೆ ಸೇರಿದ್ದು. ಬಾರೇ ಹೋಗಾಣ."

ಹೊರಗೆ ಬಂದ ಮೇಲೆ ನನಗೆ ಏನಾದರೂ ಹೇಳಬೇಕೆನ್ನಿಸಿತು. ಅಮ್ಮ ಬಾಯಿ ತೆರೆಯಲು ಬಿಡಲಿಲ್ಲ. "ನೀನೇನು ಗೆದ್ದೆ ಅನ್ಕಬೇಡ. ನಂಗಿನ್ನೂ ಈ ಓದು ಸರಿ ಕಾಣ್ತಿಲ್ಲ," ಎಂದು ಬಸ್ ನಿಲ್ದಾಣದತ್ತ ಬಿರಬಿರನೆ ನಡೆದಳು.

ಅರ್ಜಿ ಕೊಡದ ವಿದ್ಯಾರ್ಥಿಯನ್ನು ಹೊರಗೆ ಹಾಕುವುದು ಕಾಲೇಜಿಗೂ ಸುಲಭವಿರಲಿಲ್ಲ. ಕೋರ್ಸ್ ನನ್ನೊಂದಿಗೆ ಮುಗಿಯುತ್ತದೆ, ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ತೀರ್ಮಾನವಾಯಿತು. ನಮ್ಮ ಕೊಠಡಿಯನ್ನು ಆಟದ ಸಾಮಾನು ಇಡಲು ತೆಗೆದುಕೊಂಡರು. ಮೇಡಂ ಮತ್ತು ನಾನು ಮೆಟ್ಟಿಲ ಕೆಳಗಿನ ಜಾಗಕ್ಕೆ ಒಂದು ಡೆಸ್ಕು, ಒಂದು ಬೆಂಚು ಎಳೆದುಕೊಂಡೆವು. ಮೇಲೆ ಹುಡುಗರು ದಡಬಡ ಇಳಿಯುವಾಗ ಪಾಠ ನಿಲ್ಲಿಸಬೇಕಿತ್ತು. ಕೆಲವರು ಬಗ್ಗಿ ನೋಡಿ ನಗುತ್ತಿದ್ದರು. ಮೊದಮೊದಲು ತಲೆ ತಗ್ಗಿಸುತ್ತಿದ್ದೆ. ಆಮೇಲೆ ಅವರನ್ನೇ ದಿಟ್ಟಿಸಿ ನೋಡುವುದು ಕಲಿತೆ. ದಿಟ್ಟಿಸಿದರೆ ನಗುವವರು ಬೇಗ ಇಳಿದು ಹೋಗುತ್ತಾರೆ.

ಒಂದು ದಿನ ಬಗ್ಗಿ ನೋಡಿದವಳು ನನ್ನ ಗೆಳತಿ.

"ನಂಗೆ ಈಗ ಕ್ಲಾಸ್ ಇಲ್ಲ ಮೇಡಂ. ಕುಂತ್ಕಳ್ಲಾ?" ಎಂದಳು.

ಮೇಡಂ ನನ್ನತ್ತ ನೋಡಿದರು. ನಾನು ಬೆಂಚಿನ ತುದಿಗೆ ಸರಿದೆ. ಅವಳು ಕೂತಳು. ಆವತ್ತಿನಿಂದ ಬಿ.ಕಾಂ ತರಗತಿ ಇಲ್ಲದಾಗೆಲ್ಲ ಬಂದು ಕೂರತೊಡಗಿದಳು. ಅವಳಿಗೆ ಹಾಜರಿಯೂ ಇಲ್ಲ, ಅಂಕವೂ ಇಲ್ಲ.

"ನಿಮ್ಮಪ್ಪಂಗೆ ಗೊತ್ತಾದ್ರೆ?" ಎಂದು ಕೇಳಿದೆ.

"ಬಿ.ಕಾಂ ಓದು ಅಂದಿದ್ರು, ಓದ್ತಿದೀನಿ. ಇದನ್ನ ಓದಬೇಡ ಅಂತ ಹೇಳಿಲ್ಲ ಕಣೇ," ಎಂದಳು.

ಕೊನೆಯ ವರ್ಷ ಒಂದು ಯೋಜನಾ ವರದಿ ಬರೆಯಬೇಕಿತ್ತು. ನಿರಾಶ್ರಿತರ ಬಗ್ಗೆ, ಹವಾಮಾನ ಒಪ್ಪಂದಗಳ ಬಗ್ಗೆ ಬರೆದರೆ ಹೊರಗಿನ ಪರೀಕ್ಷಕರಿಗೆ ಹಿಡಿಸುತ್ತದೆ ಎಂದು ಹಲವರು ಹೇಳಿದರು. ನಾನು ನಮ್ಮ ಗುಡ್ಡದ ಗಾಳಿಯಂತ್ರಗಳನ್ನು ಆರಿಸಿಕೊಂಡೆ. ಊರವರು ಅವಕ್ಕೆ ಫ್ಯಾನು ಎನ್ನುತ್ತಾರೆ. ಅವುಗಳ ರೆಕ್ಕೆಗಳು ಉದ್ದನೆಯ ಲಾರಿಗಳ ಮೇಲೆ ಹೆದ್ದಾರಿಯಲ್ಲಿ ಬರುವಾಗ ಐಮಂಗಲದವರೆಲ್ಲ ನಿಂತು ನೋಡುತ್ತಿದ್ದರು. ಫ್ಯಾನುಗಳು ಎದ್ದು ನಿಂತ ಮೇಲೆ ಕಂಪನಿಯವರು ಗುಡ್ಡದ ಒಂದು ಮಗ್ಗುಲಿಗೆ ತಂತಿ ಬೇಲಿ ಹಾಕಿದರು. ಕುರಿಗಳು ಮೇಯಲು ಹೋಗುತ್ತಿದ್ದ ದಾರಿ ಬೇಲಿಯೊಳಗೆ ಸೇರಿಹೋಯಿತು.

ಬೇಲಿಯ ಹತ್ತಿರ ಹೋಗಿ ಫೋಟೊ ತೆಗೆಯುತ್ತಿದ್ದಾಗ ಕಾವಲುಗಾರ ಬಂದ. ಅವನೂ ಪಕ್ಕದ ಊರಿನವನೇ.

"ಫೋಟೊ ತೆಗಿಬಾರ್ದು ತಂಗಿ. ಮೇಲಿನೋರು ಬೈತಾರೆ."

"ಮೇಲಿನೋರು ಎಲ್ಲವ್ರೆ ಅಣ್ಣ?"

ಅವನು ಯೋಚಿಸಿದ. "ನಂಗೊತ್ತಿಲ್ಲಮ್ಮ. ಫೋನ್ನಾಗೆ ಮಾತಾಡ್ತಾರೆ."

ಅದನ್ನೇ ನಾನು ಹುಡುಕುತ್ತಾ ಹೋದೆ. ರೆಕ್ಕೆ ತಯಾರಾಗುವುದು ಎಲ್ಲಿ, ದುಡ್ಡು ಹಾಕಿದವರು ಯಾರು, ನಮ್ಮ ಗಾಳಿಯ ಕರೆಂಟನ್ನು ತೋರಿಸಿ ತಾವು ಶುದ್ಧ ಎಂದು ಹೇಳಿಕೊಳ್ಳುವ ಕಾರ್ಖಾನೆಗಳು ಯಾವುವು ಎಂದು. ಮೇಡಂ ಹೊಸದುರ್ಗದಿಂದ ಬಸ್ಸಿನಲ್ಲಿ ಬರುತ್ತಾ ಹೊಳಲ್ಕೆರೆ ದಾಟುವಷ್ಟರಲ್ಲಿ ನನ್ನ ಒಂದು ಅಧ್ಯಾಯ ಓದಿ, ಅಂಚಿನ ತುಂಬ ಪ್ರಶ್ನೆಗಳನ್ನು ಗೀಚಿರುತ್ತಿದ್ದರು. ಬಸ್ಸು ಕುಲುಕಿದ ಕಡೆ ಅಕ್ಷರ ಹಾಳೆಯಾಚೆ ಹೋಗಿರುತ್ತಿತ್ತು. ವರದಿಯನ್ನು ಕನ್ನಡದಲ್ಲಿ ಬರೆದೆ.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಪುಟ ತಿರುಗಿಸುತ್ತಲೇ ಇಂಗ್ಲಿಷಿನಲ್ಲಿ ಕೇಳತೊಡಗಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅವರು ನಿಲ್ಲಿಸಿದರು.

"ಜಾಗತಿಕ ಅಧ್ಯಯನ ಮಾಡಿ ಇಂಗ್ಲಿಷಲ್ಲಿ ಮಾತಾಡಲ್ಲ ಅಂದ್ರೆ ಹೇಗಮ್ಮ?"

"ನಿಮ್ಮ ಪ್ರಶ್ನೆ ಅರ್ಥ ಆಗ್ತದೆ ಸಾರ್. ಓದಿದ್ದೂ ಇಂಗ್ಲಿಷ್ ಪುಸ್ತಕಗಳನ್ನೇ. ಈ ವರದಿಯನ್ನ ಮಾತ್ರ ನಮ್ಮೂರೋರು ಓದಬೇಕು."

"ಇದು ನಿಮ್ಮೂರಿನ ಸಮಸ್ಯೆ. ಇದರಲ್ಲಿ ಜಾಗತಿಕ ಏನಿದೆ?"

ನಾನು ವರದಿಯಲ್ಲಿ ಬೇಲಿಯ ವಿವರ ಇದ್ದ ಪುಟ ತೆರೆದೆ. ಅವರ ಮುಂದಿಟ್ಟೆ.

"ರೆಕ್ಕೆ ಹೊರಗಿನದು ಸಾರ್, ದುಡ್ಡು ಹೊರಗಿನದು, ಕರೆಂಟ್ ಹೋಗೋದು ಹೊರಗೆ. ಗುಡ್ಡ ಒಂದೇ ನಮ್ಮದು. ಬೇಲಿ ಬಿದ್ದಿರೋದು ಆ ಗುಡ್ಡಕ್ಕೇ. ಇದಕ್ಕಿಂತ ಜಾಗತಿಕ ಯಾವುದು ಅಂತ ನೀವೇ ಹೇಳಿ."

ಮೂಲೆಯಲ್ಲಿ ಕೂತಿದ್ದ ಮೇಡಂ ಕಿಟಕಿಯ ಕಡೆ ತಿರುಗಿದರು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲಿನ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲೇ ಕೇಳಿದರು, ಮತ್ತು ಅವು ಸುಲಭವಿರಲಿಲ್ಲ. ಫ್ಯಾನೇ ಬೇಡ ಎನ್ನುತ್ತೀಯಾ, ಕಲ್ಲಿದ್ದಲು ಸುಡುವುದು ವಾಸಿಯೇ ಎಂದು ಹಿಡಿದು ಕೇಳಿದರು. ಫ್ಯಾನು ಬೇಕು, ಬೇಲಿ ಬೇಡ ಎಂದೆ. ಇನ್ನೂ ಚೆನ್ನಾಗಿ ಹೇಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಂಕ ಅಂಥ ದೊಡ್ಡದೇನೂ ಬರಲಿಲ್ಲ, ಪಾಸಾದೆ.

ನಾನು ಹೊರಬಿದ್ದ ಮೇಲೆ ಕೋರ್ಸ್ ನಿಂತಿತು. ಮೇಡಂಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಈಗ ಹೊಸದುರ್ಗದಲ್ಲೇ ಪಿಯು ಮಕ್ಕಳಿಗೆ ಪಾಠ ಮಾಡುತ್ತಾರೆ. ಇದು ನನ್ನನ್ನು ಇವತ್ತಿಗೂ ಸಿಟ್ಟಿಗೆಬ್ಬಿಸುತ್ತದೆ. ಅವರಿಗೇನೂ ಸಿಟ್ಟಿಲ್ಲ, ಸಿಕ್ಕಾಗೆಲ್ಲ ಮುಂದೆ ಓದುವುದು ಯಾವಾಗ ಎಂದು ಕೇಳುತ್ತಾರೆ. ಗೆಳತಿ ಬಿ.ಕಾಂ ಮುಗಿಸಿ ಹೊಳಲ್ಕೆರೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ.

ನಾನು ಹಿರಿಯೂರಿನಲ್ಲಿ ಕುರಿ ಸಾಕುವವರ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯ್ತಿಗೆ ಕೊಟ್ಟೆವು. ಸಭೆಯ ಮೇಲೆ ಸಭೆ ನಡೆದು, ಅಪ್ಪ ಮತ್ತು ಊರಿನ ಕುರಿಗಾಹಿಗಳೆಲ್ಲ ಬಂದು ಕೂತು, ಕಡೆಗೆ ಕಂಪನಿಯವರು ಬೇಲಿಯಲ್ಲಿ ಒಂದು ಗೇಟು ಇಟ್ಟರು. ಹಗಲು ಹೊತ್ತು ಅದು ತೆರೆದಿರಬೇಕೆಂದು ಒಪ್ಪಂದ. ಆದರೂ ಆಗಾಗ ಯಾರೋ ಬೀಗ ಜಡಿಯುತ್ತಾರೆ. ಹಾಗಾದ ದಿನ ಅಮ್ಮ ನನಗೆ ಫೋನು ಮಾಡುತ್ತಾಳೆ.

"ಮತ್ತೆ ಹಾಕ್ಯವ್ರೆ ನೋಡು. ಬರ್ತೀಯೋ, ನಾವೇ ಹೋಗಾಣೋ?"

"ನಿಲ್ಲಮ್ಮ, ಬರ್ತೀನಿ," ಎಂದು ಐಮಂಗಲದ ಬಸ್ ಹತ್ತುತ್ತೇನೆ.